ಕರಡಿನಿಂದ ಕದನ ವಿರಾಮದವರೆಗೆ: ಬೆನಗಲ್ ನರಸಿಂಗ ರಾವ್ ಮಾಡಿದ ಕೆಲಸ

ಸಂವಿಧಾನ ದಿನ ಹತ್ತಿರ ಬಂತೆಂದರೆ ಮೊಬೈಲುಗಳಲ್ಲಿ ಒಂದು ಜಗಳ ಶುರುವಾಗುತ್ತದೆ. ಸಂವಿಧಾನ ಬರೆದವರು ಅಂಬೇಡ್ಕರ್ ಅಲ್ಲ, ನಮ್ಮ ಮಂಗಳೂರಿನ ಬಿ.ಎನ್. ರಾವ್ ಎಂದು ಒಂದು ಗುಂಪು. ರಾವ್ ಎಂದರೆ ಬೇರೆಯವರು ಹೇಳಿದ್ದನ್ನು ಬರೆದುಕೊಟ್ಟ ಸರ್ಕಾರಿ ನೌಕರ ಅಷ್ಟೇ ಎಂದು ಇನ್ನೊಂದು ಗುಂಪು. ಎರಡೂ ಮಾತು ತಪ್ಪು. ಮೊದಲನೆಯದು ಅಂಬೇಡ್ಕರ್ ಅವರಿಗೆ ಮಾಡುವ ಅನ್ಯಾಯ, ಎರಡನೆಯದು ರಾವ್ ಅವರಿಗೆ. ಸರ್ಕಾರದ ಒಳಗೆ ಕೂತು ಕಾನೂನಿನ ಕೆಲಸ ಮಾಡುವವರು ನಿಜವಾಗಿ ಏನು ಮಾಡುತ್ತಾರೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಈ ಗೊಂದಲ ಹುಟ್ಟುವುದೇ ಅಲ್ಲಿಂದ. ರಾವ್ ಅವರ ಬದುಕನ್ನು ಆ ಕೆಲಸದ ಮೂಲಕವೇ ನೋಡಿದರೆ, ಅಸ್ಸಾಮಿನ ಕಾನೂನು ಇಲಾಖೆಯಲ್ಲಿ ಕಡತ ತಿದ್ದುತ್ತಿದ್ದ ಅಧಿಕಾರಿಯೊಬ್ಬ ಕೊರಿಯಾ ಯುದ್ಧದ ಹೊತ್ತಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕೂತದ್ದು ಹೇಗೆ ಎಂಬುದೂ ತಿಳಿಯುತ್ತದೆ.

ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾವ್ ಊರಿನಲ್ಲಿ ಹೆಸರಾದ ವೈದ್ಯರು. ಮಗ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. ಅಲ್ಲಿ ಅವರು ಆರಿಸಿಕೊಂಡದ್ದು ಗಣಿತ. ಜವಾಹರಲಾಲ್ ನೆಹರೂ ಕೂಡ ಆಗ ಅದೇ ಕಾಲೇಜಿನಲ್ಲಿದ್ದರು. 1909ರಲ್ಲಿ ಐಸಿಎಸ್ ಪಾಸಾಗಿ ಮರುವರ್ಷ ಬಂಗಾಳಕ್ಕೆ ಬಂದರು. ತಮ್ಮಂದಿರೂ ಕಡಿಮೆಯವರಲ್ಲ. ರಾಮ ರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದರು. ಪತ್ರಕರ್ತ ಶಿವ ರಾವ್ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದು, ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಗೆದ್ದರು.

ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದ ರಾವ್ ಅವರನ್ನು 1925ರಲ್ಲಿ ಅಸ್ಸಾಂ ಸರ್ಕಾರ ಎರಡು ಹುದ್ದೆಗಳನ್ನು ಒಟ್ಟಿಗೇ ಕೊಟ್ಟು ಕರೆಸಿಕೊಂಡಿತು. ಒಂದು, ಪ್ರಾಂತೀಯ ಶಾಸನ ಪರಿಷತ್ತಿನ ಕಾರ್ಯದರ್ಶಿ. ಇನ್ನೊಂದು, ಲೀಗಲ್ ರಿಮೆಂಬ್ರೆನ್ಸರ್, ಅಂದರೆ ಸರ್ಕಾರಕ್ಕೆ ಕಾನೂನು ಸಲಹೆ ಕೊಡುವ, ಅದರ ದಾವೆಗಳ ಉಸ್ತುವಾರಿ ನೋಡುವ, ಮಸೂದೆ ಬರೆಯುವ ಅಧಿಕಾರಿ. ಸುಮಾರು ಎಂಟು ವರ್ಷ ಅವರು ಅಲ್ಲಿದ್ದರು. ಮುಂದೆ ಮಾಡಿದ್ದಕ್ಕೆಲ್ಲ ಅಲ್ಲಿಯೇ ಪಾಠವಾಯಿತು ಎಂದು ನಾನು ನಂಬುತ್ತೇನೆ.

ಈ ಕೆಲಸದ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆಳೆ ಹೋದ ರೈತರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡಬೇಕು ಎಂದು ಮಂತ್ರಿಯೊಬ್ಬರು ತೀರ್ಮಾನಿಸುತ್ತಾರೆ ಎಂದಿಟ್ಟುಕೊಳ್ಳಿ. ರಾಜಕೀಯವಾಗಿ ಮಾತು ಅಲ್ಲಿಗೆ ಮುಗಿಯಿತು. ಕರಡು ಬರೆಯುವವನಿಗೆ ಕೆಲಸ ಶುರುವಾಗುವುದೇ ಅಲ್ಲಿಂದ. ರೈತ ಎಂದರೆ ಜಮೀನಿನ ಮಾಲೀಕನೋ ಗೇಣಿದಾರನೋ? ಬೆಳೆ ಹೋಯಿತು ಎಂದು ಯಾರು ಹೇಳಬೇಕು? ಎಷ್ಟು ಹೋದರೆ ಹೋದಂತೆ? ರಿಯಾಯಿತಿ ಈ ವರ್ಷದ ಕಂದಾಯಕ್ಕೋ, ಹಳೆಯ ಬಾಕಿಗೂ ಉಂಟೋ? ಅಧಿಕಾರಿ ಇಲ್ಲವೆಂದರೆ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ? ಈಗಾಗಲೇ ಇರುವ ಯಾವ ಕಾನೂನಿಗೆ ಇದು ಅಡ್ಡ ಬರುತ್ತದೆ? ಇದ್ಯಾವುದಕ್ಕೂ ಮಂತ್ರಿ ಉತ್ತರ ಯೋಚಿಸಿರುವುದಿಲ್ಲ. ಕರಡುಗಾರ ಕೇಳಿದಾಗಲೇ ಯೋಚಿಸುವುದು. ಹಾಗಾಗಿ ಕರಡು ಬರೆಯುವವನು ನೀತಿಯನ್ನು ನಿರ್ಧರಿಸುವುದಿಲ್ಲ, ಆದರೆ ಅವನು ಕೇಳುವ ಪ್ರಶ್ನೆಗಳು ನೀತಿಗೆ ಆಕಾರ ಕೊಡುತ್ತವೆ. ಅವನಿಗೆ ಮತವಿಲ್ಲ, ಕೆಳಗೆ ಸಹಿಯೂ ಇಲ್ಲ. ತಾನು ಬರೆದ ವಾಕ್ಯವನ್ನು ಬೇರೆಯವರು ತಮ್ಮದೆಂದು ಒಪ್ಪಿ ಎತ್ತಿಹಿಡಿದರೆ ಮಾತ್ರ ಅವನ ಕೆಲಸ ಗೆದ್ದಂತೆ.

ಈ ಕೌಶಲಕ್ಕೆ ದೊಡ್ಡ ಪರೀಕ್ಷೆ ಬಂದದ್ದು 1935ರ ಭಾರತ ಸರ್ಕಾರ ಕಾಯ್ದೆಯ ನಂತರ. 1937ರ ಏಪ್ರಿಲ್ 1ರಿಂದ ಪ್ರಾಂತಗಳಿಗೆ ಹೊಸ ಅಧಿಕಾರ ಸಿಗಲಿತ್ತು. ಆದರೆ ಜಾರಿಯಲ್ಲಿದ್ದ ಕಾನೂನುಗಳೆಲ್ಲ ಹಳೆಯ ವ್ಯವಸ್ಥೆಯ ಮಾತಿನಲ್ಲೇ ಇದ್ದವು. ಒಂದು ಕಾಯ್ದೆಯಲ್ಲಿ ‘ಸ್ಥಳೀಯ ಸರ್ಕಾರ’ ಎಂದಿದ್ದರೆ ಇನ್ನು ಮುಂದೆ ಅದು ‘ಪ್ರಾಂತೀಯ ಸರ್ಕಾರ’ ಆಗಬೇಕು. ‘ಸಪರಿಷತ್ ಗವರ್ನರ್ ಜನರಲ್’ (ತನ್ನ ಪರಿಷತ್ತಿನೊಂದಿಗೆ ಕೂಡಿದ ಗವರ್ನರ್ ಜನರಲ್) ಎಂದಿದ್ದಲ್ಲಿ ಆ ಅಧಿಕಾರ ಈಗ ಕೇಂದ್ರಕ್ಕೆ ಸೇರಿದ್ದೋ ಪ್ರಾಂತಕ್ಕೋ ಎಂದು ನೋಡಿ ಬದಲಿಸಬೇಕು. ಪದವನ್ನು ಹುಡುಕಿ ತಿದ್ದಿದರೆ ಮುಗಿಯುವ ಕೆಲಸವಲ್ಲ ಇದು. ಪ್ರತಿ ಜಾಗದಲ್ಲೂ ಅಧಿಕಾರ ಯಾರದು ಎಂದು ತೀರ್ಮಾನಿಸಬೇಕು. ದೇಶದ ಇಡೀ ಕಾನೂನು ಸಂಗ್ರಹವನ್ನು ರಾವ್ ಸುಮಾರು ಒಂದೂವರೆ ವರ್ಷದಲ್ಲಿ ಹೀಗೆ ಹೊಸ ವ್ಯವಸ್ಥೆಗೆ ಒಗ್ಗಿಸಿದರು. 1938ರಲ್ಲಿ ‘ಸರ್’ ಪದವಿ ಬಂತು. 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ನ್ಯಾಯಪೀಠದ ಮೇಲೆ ಅವರನ್ನು ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ನದಿಯ ಮೇಲ್ಭಾಗದಲ್ಲಿರುವ ಪಂಜಾಬ್ ಅಣೆಕಟ್ಟು ಕಟ್ಟಿದರೆ ಕೆಳಗಿರುವ ತನಗೆ ನೀರಿಲ್ಲ ಎಂದು ಸಿಂಧ್ ಪ್ರಾಂತ ದೂರಿತು. ಅದನ್ನು ವಿಚಾರಿಸಲು 1941ರಲ್ಲಿ ನೇಮಿಸಿದ ಸಿಂಧೂ ಆಯೋಗಕ್ಕೆ ರಾವ್ ಅಧ್ಯಕ್ಷರಾದರು. ಕಾವೇರಿ ಕಂಡ ನಮಗೆ ಈ ವಾದಗಳು ಹೊಸದಲ್ಲ. ನನ್ನ ನೆಲದಲ್ಲಿ ಹರಿಯುವ ನೀರು ನನ್ನದು, ಏನು ಬೇಕಾದರೂ ಮಾಡುತ್ತೇನೆ ಎಂದು ಮೇಲಿನವರು ಹೇಳಬಹುದು. ನದಿ ಹಿಂದಿನಿಂದ ಹೇಗೆ ಹರಿದು ಬರುತ್ತಿತ್ತೋ ಹಾಗೇ, ಒಂದು ಹನಿಯೂ ಕಡಿಮೆಯಾಗದೆ ಬರಬೇಕು ಎಂದು ಕೆಳಗಿನವರು ಹೇಳಬಹುದು. ಎರಡು ಅತಿಗಳನ್ನೂ ಆಯೋಗದ 1942ರ ವರದಿ ಬದಿಗಿಟ್ಟಿತು. ಒಪ್ಪಂದ ಮಾಡಿಕೊಳ್ಳುವುದೇ ಎಲ್ಲಕ್ಕಿಂತ ಉತ್ತಮ, ಅದಾಗದಿದ್ದರೆ ನ್ಯಾಯೋಚಿತವಾಗಿ ಹಂಚಬೇಕು ಎಂದಿತು. ಈ ತತ್ವ ರಾವ್ ಹುಟ್ಟುಹಾಕಿದ್ದಲ್ಲ. ಅಮೆರಿಕದ ಸುಪ್ರೀಂ ಕೋರ್ಟು ರಾಜ್ಯಗಳ ನಡುವಿನ ನದಿ ವ್ಯಾಜ್ಯಗಳಲ್ಲಿ ಮೊದಲೇ ಬಳಸಿತ್ತು. ರಾವ್ ಅದನ್ನು ನಮ್ಮ ನದಿಗಳಿಗೆ ತಂದರು. 2018ರ ಫೆಬ್ರವರಿ 16ರಂದು ನಮ್ಮ ಸುಪ್ರೀಂ ಕೋರ್ಟು ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಅಡಿ ನೀರು ಹೆಚ್ಚಿಸಿದಾಗ ಆಧಾರವಾಗಿ ನಿಂತದ್ದೂ ನ್ಯಾಯೋಚಿತ ಹಂಚಿಕೆಯ ತತ್ವವೇ.

ಹಿಂದೂ ಕಾನೂನು ಸಮಿತಿಯೂ 1941ರಲ್ಲೇ ಅವರ ಪಾಲಿಗೆ ಬಂತು. ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಬಗ್ಗೆ 1937ರಲ್ಲಿ ಮಾಡಿದ ಕಾಯ್ದೆ ತೊಡಕುಗಳನ್ನು ಹುಟ್ಟಿಸಿತ್ತು. ಅದನ್ನು ತೇಪೆ ಹಾಕಿ ಸರಿಮಾಡುವುದಕ್ಕಿಂತ ಇಡೀ ಹಿಂದೂ ಕಾನೂನನ್ನೇ ಸಂಹಿತೆಯಾಗಿ ಬರೆಯಬೇಕು ಎಂದು ಸಮಿತಿ ಹೇಳಿತು. ಮೈಸೂರು ಸಂಸ್ಥಾನ 1933ರಲ್ಲೇ ಹೆಂಗಸರ ಹಕ್ಕಿನ ಕಾಯ್ದೆ ಮಾಡಿ ಈ ದಾರಿಯಲ್ಲಿ ಮುಂದೆ ಹೋಗಿತ್ತು ಎಂಬುದನ್ನು ಇಲ್ಲಿ ನೆನೆಯಲೇಬೇಕು. ರಾವ್ ಸಮಿತಿ ಊರೂರು ಸುತ್ತಿ ಸಾಕ್ಷ್ಯ ಪಡೆದು ಬರೆದ ಕರಡೇ ಮುಂದೆ ಅಂಬೇಡ್ಕರ್ ಹೋರಾಡಿದ ಹಿಂದೂ ಕೋಡ್ ಬಿಲ್ಲಿಗೆ ಬುನಾದಿಯಾಯಿತು. ಇವರಿಬ್ಬರನ್ನು ಎದುರಾಳಿಗಳಂತೆ ನಿಲ್ಲಿಸುವವರಿಗೆ ಈ ಸಂಗತಿ ಗೊತ್ತಿರಲಾರದು.

1944ರಲ್ಲಿ ನಿವೃತ್ತಿ. ನಡುವೆ ಒಂದು ವರ್ಷಕ್ಕಿಂತ ತುಸು ಹೆಚ್ಚು ಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದು, ಮಹಾರಾಜರೊಂದಿಗೆ ಹೊಂದಿಕೆಯಾಗದೆ ಬಿಟ್ಟು ಬಂದರು.

1946ರಲ್ಲಿ ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾದರು, ಸಂಬಳವಿಲ್ಲದೆ. ಅವರು ಸಭೆಯ ಸದಸ್ಯರಲ್ಲ. ಮಾತಾಡುವ ಹಕ್ಕಾಗಲಿ ಮತ ಹಾಕುವ ಹಕ್ಕಾಗಲಿ ಇರಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನಗಳಲ್ಲಿ ಯಾವ ಪ್ರಶ್ನೆಗೆ ಯಾವ ಉತ್ತರವಿದೆ ಎಂದು ಸದಸ್ಯರಿಗಾಗಿ ಸಂಪುಟಗಳನ್ನೇ ಸಿದ್ಧಪಡಿಸಿದರು. 1947ರ ಮಾರ್ಚ್‌ನಲ್ಲಿ ಒಂದು ಪ್ರಶ್ನಾವಳಿ ಹಂಚಿದರು. ಒಕ್ಕೂಟದ ಮುಖ್ಯಸ್ಥನನ್ನು ಏನೆಂದು ಕರೆಯಬೇಕು, ಹೇಗೆ ಆರಿಸಬೇಕು, ಎಷ್ಟು ವರ್ಷಕ್ಕೆ, ತೆಗೆಯುವುದು ಹೇಗೆ ಎಂಬಂಥ ಪ್ರಶ್ನೆಗಳು. ಇದು ಅಸ್ಸಾಮಿನ ಕರಡುಗಾರನ ಅದೇ ಹಳೆಯ ವಿಧಾನ. ಸಭೆಯ ಸಮಿತಿಗಳು ಕೊಟ್ಟ ತೀರ್ಮಾನಗಳನ್ನು ಸೇರಿಸಿ 1947ರ ಅಕ್ಟೋಬರ್‌ನಲ್ಲಿ ಮೊದಲ ಕರಡು ಮುಗಿಸಿದರು. ಅದರಲ್ಲಿ 243 ವಿಧಿಗಳು, 13 ಅನುಸೂಚಿಗಳು.

ಅಲ್ಲಿಂದ ಮುಂದಿನದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯ ಕೆಲಸ. 1948ರ ಫೆಬ್ರವರಿಯಲ್ಲಿ ಅದು ಕೊಟ್ಟ ಕರಡಿನಲ್ಲಿ 315 ವಿಧಿಗಳು, 8 ಅನುಸೂಚಿಗಳಿದ್ದವು. ಅದಕ್ಕೆ ಬಂದ ತಿದ್ದುಪಡಿ ಸೂಚನೆಗಳು ಸುಮಾರು 7,635. ಅವುಗಳಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಒಂದೊಂದಕ್ಕೂ ಎದ್ದು ನಿಂತು ಉತ್ತರ ಕೊಟ್ಟು, ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ಸಭೆಯನ್ನು ನಡೆಸಿಕೊಂಡು ಹೋದವರು ಅಂಬೇಡ್ಕರ್. ಕೊನೆಗೆ ಉಳಿದದ್ದು 395 ವಿಧಿಗಳು. ಕರಡು ಬರೆಯುವುದೇ ಬೇರೆ, ಒಂದು ವಿಭಜಿತ ದೇಶದ ಪ್ರತಿನಿಧಿಗಳ ಮುಂದೆ ಅದನ್ನು ಸಮರ್ಥಿಸಿ ಅದಕ್ಕೆ ರಾಜಕೀಯ ಜೀವ ಕೊಡುವುದೇ ಬೇರೆ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರೇ, ತಮಗೆ ಸಲ್ಲಿಸುತ್ತಿರುವ ಶ್ರೇಯಸ್ಸಿನ ಒಂದು ಪಾಲು ಮೊದಲ ಕರಡು ಸಿದ್ಧಪಡಿಸಿದ ಬಿ.ಎನ್. ರಾವ್ ಅವರಿಗೆ ಸೇರಬೇಕು ಎಂದರು. ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರನ್ನೂ ಹೆಸರಿಸಿ ನೆನೆದರು. ಶ್ರೇಯಸ್ಸು ಹಂಚಲು ಅವರಿಗೆ ಕಷ್ಟವಾಗಲಿಲ್ಲ. ನಮಗೇಕೆ ಆಗಬೇಕು?

ರಾವ್ ಅವರನ್ನು ಮೆಚ್ಚುವ ನಾನು ಒಪ್ಪಲಾರದ ಒಂದು ಸಂಗತಿಯೂ ಇಲ್ಲಿದೆ. ಕರಡು ಮುಗಿಸಿದ ಮೇಲೆ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡರು. ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯವನ್ನು ‘ಕಾನೂನಿನ ಯುಕ್ತ ಪ್ರಕ್ರಿಯೆ’ ಇಲ್ಲದೆ ಕಸಿಯುವಂತಿಲ್ಲ ಎಂದು ಅಮೆರಿಕದ ಮಾದರಿಯಲ್ಲಿ ಅವರ ಕರಡಿನಲ್ಲಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಆ ಮಾತು ಬೇಡವೆಂದರು. ಅದನ್ನೇ ಹಿಡಿದು ಅಮೆರಿಕದ ನ್ಯಾಯಾಧೀಶರು ಕೂಲಿಗಾರರ ಕೆಲಸದ ಅವಧಿ, ಕನಿಷ್ಠ ಕೂಲಿಯಂಥ ಕಾನೂನುಗಳನ್ನು ದಶಕಗಳ ಕಾಲ ಹೊಡೆದುಹಾಕಿದ್ದರು. ಚುನಾಯಿತರಲ್ಲದ ಕೆಲವರ ಕೈಗೆ ಅಷ್ಟು ಅಧಿಕಾರ ಕೊಡುವುದು ಪ್ರಜಾಪ್ರಭುತ್ವಕ್ಕೆ ತಕ್ಕದ್ದಲ್ಲ ಎಂಬುದು ಫ್ರಾಂಕ್‌ಫರ್ಟರ್ ಅವರ ವಾದ. ಭೂಸುಧಾರಣೆಯಂಥ ಕಾನೂನುಗಳನ್ನು ಮಾಡಬೇಕಾಗಿದ್ದ ದೇಶದ ಸಲಹೆಗಾರರಿಗೆ ಈ ಮಾತು ನಾಟಿತು. ಕರಡು ಸಮಿತಿ ಆ ಜಾಗದಲ್ಲಿ ‘ಕಾನೂನು ವಿಧಿಸಿದ ಕಾರ್ಯವಿಧಾನ’ ಎಂದು ಬರೆಯಿತು. ಇಂದಿನ 21ನೇ ವಿಧಿಯಲ್ಲಿರುವುದು ಅದೇ.

ವ್ಯತ್ಯಾಸ ಏನು? ಮೊದಲಿನ ಪ್ರಕಾರ, ಒಬ್ಬನನ್ನು ಜೈಲಿಗೆ ಹಾಕುವ ಕಾನೂನು ನ್ಯಾಯವಾಗಿದೆಯೇ ಎಂದೇ ಕೋರ್ಟು ಕೇಳಬಹುದು. ಎರಡನೆಯದರ ಪ್ರಕಾರ, ಕಾನೂನೊಂದು ಇದೆಯೇ, ಅದರಲ್ಲಿ ಹೇಳಿದ ಕ್ರಮ ಪಾಲಿಸಿದ್ದಾರೆಯೇ ಎಂದಷ್ಟೇ ಕೇಳಬಹುದು. 1950ರ ಮೇ ತಿಂಗಳಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಈ ಕಿರಿದಾದ ಅರ್ಥವನ್ನೇ ಹಿಡಿಯಿತು. ಕಾರ್ಯವಿಧಾನ ಎಂದರೆ ಅದು ನ್ಯಾಯಬದ್ಧವೂ ಸಮಂಜಸವೂ ಆಗಿರಬೇಕು ಎಂದು ಹೇಳಿಸಿಕೊಳ್ಳಲು ನಾವು 1978ರ ಜನವರಿಯ ಮೇನಕಾ ಗಾಂಧಿ ತೀರ್ಪಿನವರೆಗೆ, ತುರ್ತುಪರಿಸ್ಥಿತಿಯನ್ನೂ ದಾಟಿ, ಕಾಯಬೇಕಾಯಿತು. ಆಸ್ತಿಯ ವಿಷಯದಲ್ಲಿ ರಾವ್ ಅವರಿಗಿದ್ದ ಭಯ ಸರಿಯಾಗಿತ್ತು. ಆದರೆ ಮನುಷ್ಯನ ಬಿಡುಗಡೆಯ ವಿಷಯಕ್ಕೆ ಅದನ್ನು ಹಚ್ಚಿದ್ದು ದೊಡ್ಡ ತಪ್ಪಾಯಿತು ಎಂದೇ ನನ್ನ ಅಭಿಪ್ರಾಯ. ಕರಡಿನ ಒಂದು ಪದಪುಂಜಕ್ಕೆ ಎಷ್ಟು ಜನ ಎಷ್ಟು ವರ್ಷ ಬೆಲೆ ತೆರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಇತಿಹಾಸದಲ್ಲಿ ನನಗೆ ಕಾಣುವುದಿಲ್ಲ.

ಅದೇ ಹೊತ್ತಿನಲ್ಲಿ ಅವರು ಬರ್ಮಾದ ಸಂವಿಧಾನದ ಕರಡಿಗೂ ನೆರವಾದರು. 1949ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಶುರುವಾದಾಗ ಅದರ ಮೊದಲ ಸದಸ್ಯರಲ್ಲಿ ಒಬ್ಬರಾದರು. ನ್ಯೂಯಾರ್ಕಿನಲ್ಲಿ ಭಾರತದ ಕಾಯಂ ಪ್ರತಿನಿಧಿಯೂ ಆದರು.

ಹೀಗೆ ಕಾನೂನುಗಾರ ರಾಜತಾಂತ್ರಿಕನಾದಾಗ ಕೆಲಸ ಬದಲಾಯಿತು ಎಂದು ಅನ್ನಿಸಬಹುದು. ಆದರೆ ವಿಶ್ವಸಂಸ್ಥೆಯಲ್ಲಿ ನಡೆಯುವುದು ಬಹುಪಾಲು ನಿರ್ಣಯಗಳ ಪಠ್ಯದ ಮೇಲಿನ ಚೌಕಾಸಿ. ಎಲ್ಲಿ ‘ಖಂಡಿಸುತ್ತದೆ’ ಎನ್ನಬೇಕು, ಎಲ್ಲಿ ‘ಕೋರುತ್ತದೆ’ ಎನ್ನಬೇಕು, ಯಾರ ಹೆಸರು ಬರಬೇಕು, ಯಾರದು ಬರಬಾರದು ಎಂಬುದರ ಮೇಲೆ ಸೈನ್ಯಗಳು ಹೊರಡುತ್ತವೆ ಅಥವಾ ನಿಲ್ಲುತ್ತವೆ. ಪ್ರತಿನಿಧಿಗೆ ಇಲ್ಲಿ ಮತವಿದೆ, ಆದರೆ ಅದು ಅವನ ಸ್ವಂತದ್ದಲ್ಲ, ಅವನ ಸರ್ಕಾರದ್ದು. ಕಕ್ಷಿದಾರ ಹೇಳದ ಮಾತನ್ನು ವಕೀಲ ಆಡಲಾರ. ಈ ಶಿಸ್ತು ರಾವ್ ಅವರಿಗೆ ಇಪ್ಪತ್ತೈದು ವರ್ಷಗಳಿಂದ ರೂಢಿ.

1950ರಲ್ಲಿ ಭಾರತ ಮೊದಲ ಬಾರಿಗೆ ಭದ್ರತಾ ಮಂಡಳಿಯ ಸದಸ್ಯ ರಾಷ್ಟ್ರವಾಗಿತ್ತು. ಅಧ್ಯಕ್ಷತೆ ತಿಂಗಳಿಗೊಂದು ದೇಶಕ್ಕೆ ಸರದಿಯಲ್ಲಿ ಬರುತ್ತದೆ. ಜೂನ್ ತಿಂಗಳು ಭಾರತದ್ದು. ಜೂನ್ 25ರ ಭಾನುವಾರ ಉತ್ತರ ಕೊರಿಯಾದ ಸೈನ್ಯ ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿದ ಸುದ್ದಿ ಬಂದಾಗ ತುರ್ತು ಸಭೆ ನಡೆಸಬೇಕಾದವರು ರಾವ್. ಚೀನಾದ ಸ್ಥಾನದಲ್ಲಿ ತೈವಾನಿನ ಸರ್ಕಾರ ಕೂತಿರುವುದನ್ನು ಪ್ರತಿಭಟಿಸಿ ಸೋವಿಯತ್ ಒಕ್ಕೂಟ ಜನವರಿಯಿಂದಲೇ ಮಂಡಳಿಗೆ ಬರುತ್ತಿರಲಿಲ್ಲ. ಹಾಗಾಗಿ ವಿಟೋ ಹಾಕಿ ನಿರ್ಣಯ ತಡೆಯುವವರಿರಲಿಲ್ಲ.

ಮುಂದಿನ ಏಳು ತಿಂಗಳಲ್ಲಿ ಭಾರತ ಒಂದೇ ಯುದ್ಧದ ಬಗ್ಗೆ ನಾಲ್ಕು ಬಗೆಯಲ್ಲಿ ನಡೆದುಕೊಂಡಿತು. ಹೊರಗಿನಿಂದ ನೋಡುವವರಿಗೆ ಇದು ಚಂಚಲತೆಯಂತೆ ಕಾಣುತ್ತದೆ, ಆಗಲೂ ಹಾಗೇ ಕಂಡಿತ್ತು. ನಿರ್ಣಯಗಳ ಪಠ್ಯ ಓದಿದರೆ ಬೇರೆಯೇ ತಿಳಿಯುತ್ತದೆ. ಜೂನ್ 25ರ ನಿರ್ಣಯ ಹೋರಾಟ ತಕ್ಷಣ ನಿಲ್ಲಲಿ, ಉತ್ತರ ಕೊರಿಯಾ ತನ್ನ ಪಡೆಗಳನ್ನು ಹಿಂದಕ್ಕೆ ಕರೆಸಲಿ ಎಂದಿತು. ಭಾರತ ಪರವಾಗಿ ಮತ ಹಾಕಿತು. ಎರಡು ದಿನದ ನಂತರದ ನಿರ್ಣಯ ದಕ್ಷಿಣಕ್ಕೆ ನೆರವು ಕೊಡಿ ಎಂದು ಸದಸ್ಯ ದೇಶಗಳಿಗೆ ಶಿಫಾರಸು ಮಾಡಿತು. ಅದು ಯುದ್ಧಕ್ಕೆ ಇಳಿಯುವ ಮಾತು. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷ ಪೀಠದಲ್ಲಿ ಕೂತಿದ್ದ ರಾವ್ ಮತದಾನದಲ್ಲಿ ಭಾಗವಹಿಸಲೇ ಇಲ್ಲ. ತಟಸ್ಥವಾಗಿ ಮತ ಹಾಕಿದ್ದರೂ ಅದು ಸರ್ಕಾರದ ಒಂದು ನಿಲುವಾಗುತ್ತಿತ್ತು, ಆ ನಿಲುವನ್ನು ಸರ್ಕಾರ ಇನ್ನೂ ತಳೆದಿರಲಿಲ್ಲ. ಜೂನ್ 29ರಂದು ಭಾರತ ಆ ನಿರ್ಣಯವನ್ನು ಒಪ್ಪಿತು. ಕಾಳಗದ ಪಡೆಯ ಬದಲು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು ಕಳುಹಿಸಿತು.

ಜುಲೈ 7ರಂದು ನೆರವಿಗೆ ಬಂದ ಪಡೆಗಳನ್ನು ಅಮೆರಿಕದ ನೇತೃತ್ವದ ಒಂದೇ ಸೇನಾ ಕಮಾಂಡಿನ ಅಡಿಗೆ ತರುವ ನಿರ್ಣಯ ಬಂದಾಗ ಭಾರತ ತಟಸ್ಥ. ಅಕ್ಟೋಬರ್ 7ರಂದು, 38ನೇ ಅಕ್ಷಾಂಶ ದಾಟಿ ಉತ್ತರಕ್ಕೆ ಹೋಗಲು ದಾರಿ ಮಾಡಿಕೊಟ್ಟ ಮಹಾಸಭೆಯ ನಿರ್ಣಯಕ್ಕೂ ತಟಸ್ಥ. ಅದಕ್ಕೆ ಕೆಲವೇ ದಿನ ಮೊದಲು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೀಜಿಂಗಿನ ಭಾರತೀಯ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ, ಅಮೆರಿಕದ ಸೈನ್ಯ ಗಡಿ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದು ಎಚ್ಚರಿಸಿದ್ದರು. ಭಾರತ ಅದನ್ನು ಎಲ್ಲರಿಗೂ ತಿಳಿಸಿತು. ವಾಷಿಂಗ್ಟನ್ ನಂಬಲಿಲ್ಲ. ಚೀನಾ ಬಂದೇ ಬಂತು.

ಡಿಸೆಂಬರ್ 14ರಂದು ಮಹಾಸಭೆ ಕದನ ವಿರಾಮದ ಆಧಾರ ಹುಡುಕಲು ಮೂವರ ಗುಂಪು ಮಾಡಿತು. ಸಭೆಯ ಅಧ್ಯಕ್ಷ ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ರಾವ್. ತೊಡಕು ಇದ್ದದ್ದು ಕ್ರಮದಲ್ಲಿ. ಮೊದಲು ಗುಂಡು ನಿಲ್ಲಲಿ, ಆಮೇಲೆ ಮಾತು ಎಂದಿತು ಅಮೆರಿಕ. ತೈವಾನ್, ವಿಶ್ವಸಂಸ್ಥೆಯ ಸ್ಥಾನ, ವಿದೇಶಿ ಸೈನ್ಯದ ವಾಪಸಾತಿ, ಇವುಗಳ ಮಾತು ಮೊದಲು ಎಂದಿತು ಚೀನಾ. ಮೂವರೂ ಕೂತು ಒಂದು ಏಣಿಯಂಥ ಪಠ್ಯ ಮಾಡಿದರು: ಕದನ ವಿರಾಮ, ಶಾಂತಿಯ ಮಾತುಕತೆ, ಹಂತಹಂತವಾಗಿ ಸೈನ್ಯಗಳ ವಾಪಸಾತಿ, ಕೊರಿಯಾದ ಆಡಳಿತಕ್ಕೆ ಮಧ್ಯಂತರ ಏರ್ಪಾಟು, ಕೊನೆಗೆ ಚೀನಾವನ್ನೂ ಸೇರಿಸಿಕೊಂಡು ತೈವಾನಿನ ಪ್ರಶ್ನೆ. 1951ರ ಜನವರಿ 13ರಂದು ರಾಜಕೀಯ ಸಮಿತಿ ಇದನ್ನು ದೊಡ್ಡ ಬಹುಮತದಿಂದ ಒಪ್ಪಿತು, ಅಮೆರಿಕವೂ ಒಪ್ಪಿತು. ನಾಲ್ಕು ದಿನಕ್ಕೆ ಚೀನಾ ತಿರಸ್ಕರಿಸಿತು. ಮೆಟ್ಟಿಲುಗಳ ಕ್ರಮ ಅದಕ್ಕೆ ಒಪ್ಪಿಗೆಯಾಗಲಿಲ್ಲ.

ಆಗ ಚೀನಾವನ್ನು ಆಕ್ರಮಣಕಾರ ಎಂದು ಕರೆಯುವ ನಿರ್ಣಯವನ್ನು ಅಮೆರಿಕ ತಂದಿತು. ಹಾಗೆ ಹಣೆಪಟ್ಟಿ ಹಚ್ಚಿದ ಮೇಲೆ ಮಾತುಕತೆಗೆ ಬಾಗಿಲು ಮುಚ್ಚುತ್ತದೆ ಎಂದು ರಾವ್ ವಾದಿಸಿದರು. ಫೆಬ್ರವರಿ 1ರಂದು ಭಾರತ ವಿರುದ್ಧ ಮತ ಹಾಕಿತು. ಪರವಾಗಿ 44, ವಿರುದ್ಧ 7. ಸೋವಿಯತ್ ಬಣವನ್ನು ಬಿಟ್ಟರೆ ವಿರುದ್ಧ ನಿಂತವು ಭಾರತ ಮತ್ತು ಬರ್ಮಾ ಮಾತ್ರ. ಜೂನ್‌ನಲ್ಲಿ ಪರ, ಆಮೇಲೆ ಗೈರು, ತಟಸ್ಥ, ಈಗ ವಿರುದ್ಧ. ನಾಲ್ಕರಲ್ಲೂ ಅಳತೆಗೋಲು ಒಂದೇ ಆಗಿತ್ತು. ಈ ಪಠ್ಯದಿಂದ ಯುದ್ಧ ಕುಗ್ಗುತ್ತದೆಯೋ ಹಿಗ್ಗುತ್ತದೆಯೋ ಎಂಬುದು. ಇದು ಧೈರ್ಯದ ನಿಲುವು. ಇನ್ನೂ ಆಹಾರ ಧಾನ್ಯಕ್ಕಾಗಿ ಅಮೆರಿಕದ ಕಡೆ ನೋಡುತ್ತಿದ್ದ ದೇಶ ಅದನ್ನು ತಳೆಯಿತು ಎಂಬುದನ್ನು ಮರೆಯಬಾರದು.

1952ರ ಫೆಬ್ರವರಿಯಲ್ಲಿ ರಾವ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠಕ್ಕೆ ಹೋದ ಮೊದಲ ಭಾರತೀಯ ಅವರು. ಆದರೆ ಎರಡು ವರ್ಷವೂ ಸಿಗಲಿಲ್ಲ. ಕ್ಯಾನ್ಸರಿನಿಂದ ನರಳಿ 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಕೊರಿಯಾದಲ್ಲಿ ಕದನ ವಿರಾಮ ಅದೇ ವರ್ಷ ಜುಲೈ 27ರಂದು ಆಗಿತ್ತು. ಕೊನೆಯವರೆಗೂ ಕಾಡಿದ್ದು ಯುದ್ಧ ಕೈದಿಗಳ ಪ್ರಶ್ನೆ. ಊರಿಗೆ ಹಿಂದಿರುಗಲು ಒಪ್ಪದವರನ್ನು ಏನು ಮಾಡುವುದು? ಇದಕ್ಕೆ 1952ರ ಡಿಸೆಂಬರ್‌ನಲ್ಲಿ ಮಹಾಸಭೆ ಒಪ್ಪಿದ್ದು ಭಾರತ ಮುಂದಿಟ್ಟ ಪಠ್ಯವನ್ನು. ಅಷ್ಟರಲ್ಲಿ ಅಲ್ಲಿ ಭಾರತದ ಮಾತಾಡುತ್ತಿದ್ದವರು ಕೃಷ್ಣ ಮೆನನ್. ಹಿಂದಿರುಗಿಸಲಿಕ್ಕಾಗಲಿ ತಡೆಯಲಿಕ್ಕಾಗಲಿ ಕೈದಿಗಳ ಮೇಲೆ ಬಲ ಪ್ರಯೋಗಿಸಕೂಡದು, ತಟಸ್ಥ ದೇಶಗಳ ಆಯೋಗವೊಂದು ಅವರನ್ನು ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. ಚೀನಾ ಮೊದಲು ಬೇಡವೆಂದರೂ ಕಡೆಗೆ ಒಪ್ಪಿದ್ದು ಹೆಚ್ಚುಕಡಿಮೆ ಇದನ್ನೇ. ಆ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ರಾವ್ ತೀರಿಕೊಂಡಾಗ ತಿಮ್ಮಯ್ಯನವರು ಕೊರಿಯಾದಲ್ಲೇ ಇದ್ದರು, ಸಾವಿರಾರು ಕೈದಿಗಳಿಗೆ ಅವರ ದೇಶದವರು ಬಂದು ವಿವರಿಸುವ ಏರ್ಪಾಟು ನಡೆದಿತ್ತು. 1954ರ ಆರಂಭದಲ್ಲಿ ಆಯೋಗ ತನ್ನ ಕೆಲಸ ಮುಗಿಸಿತು.